ಮಕ್ಕಳ ಜೊತೆ 540 ಕಿಲೋಮೀಟರ್: ರಾತ್ರಿ ಹೊರಡಬೇಕಾ, ನಸುಕಿಗಾ, ತಿಂಡಿ ತಿಂದ ಮೇಲಾ?

ನಮ್ಮ ಮನೆಯಿಂದ ಅಜ್ಜಿ ಮನೆಗೆ 540 ಕಿಲೋಮೀಟರ್. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಒಂದೇ ವರ್ಷದಲ್ಲಿ ಈ ದಾರಿಯಲ್ಲಿ ಮೂರು ಸಲ ಹೋಗಿಬಂದೆವು. ಒಮ್ಮೆ ರಾತ್ರಿ ಒಂಬತ್ತಕ್ಕೆ ಹೊರಟೆವು, ಒಮ್ಮೆ ತಿಂಡಿ ಮುಗಿಸಿ ಒಂಬತ್ತೂವರೆಗೆ, ಒಮ್ಮೆ ನಸುಕಿನ ನಾಲ್ಕೂವರೆಗೆ. ಕಾರು ಅದೇ, ಮಕ್ಕಳು ಅವರೇ, ಓಡಿಸುವವರು ನಾನು ಮತ್ತು ನನ್ನ ಗಂಡ. ಬದಲಾಗಿದ್ದು ಹೊರಡುವ ಹೊತ್ತು ಮಾತ್ರ. ಅಷ್ಟಕ್ಕೇ ಇಡೀ ಪ್ರಯಾಣ ಬೇರೆಯಾಗಿಬಿಟ್ಟಿತು.

ರಾತ್ರಿ ಪ್ರಯಾಣ

"ಚಿಕ್ಕ ಮಕ್ಕಳಿದ್ದಾರಾ? ರಾತ್ರಿ ಹೊರಡಿ, ಮಲಗಿಬಿಡ್ತಾರೆ." ಕೇಳಿದವರೆಲ್ಲ ಇದನ್ನೇ ಹೇಳಿದ್ದರು. ಅವರು ಹೇಳಿದ್ದು ನಿಜವೇ. ಹತ್ತು ಗಂಟೆಗೆಲ್ಲ ಇಬ್ಬರೂ ಮಲಗಿದರು. ರಸ್ತೆ ಖಾಲಿ, ಬಿಸಿಲಿಲ್ಲ, ಗಲಾಟೆ ಇಲ್ಲ. ಬೆಳಗಿನ ಆರೂಕಾಲಿಗೆ ತಲುಪಿದೆವು. ಗಡಿಯಾರ ನೋಡಿದರೆ ಮೂರರಲ್ಲಿ ಇದೇ ಬೇಗ.

ಆದರೆ ಮೂರೂವರೆ ಹೊತ್ತಿಗೆ ನಡೆದಿದ್ದನ್ನು ನಾನು ಮರೆತಿಲ್ಲ. ನನ್ನ ಗಂಡ ಓಡಿಸುತ್ತಿದ್ದರು. ಐದು ನಿಮಿಷದಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು. ಆಮೇಲೆ ಗಾಡಿ ನಿಧಾನಕ್ಕೆ ಅಂಚಿನ ಬಿಳಿ ಗೆರೆಯ ಮೇಲೆ ಹೋಯಿತು. ನಾನು ಜೋರಾಗಿ ಹೆಸರು ಹಿಡಿದು ಕೂಗಿದೆ. ಬೆಳಕಿರುವ ಜಾಗ ಸಿಕ್ಕ ತಕ್ಷಣ ನಿಲ್ಲಿಸಿ ಅವರು ನಲವತ್ತು ನಿಮಿಷ ಮಲಗಿದರು. ನಾನು ಎಚ್ಚರವಾಗಿ ಕೂತಿದ್ದೆ. ಹಿಂದೆ ಇಬ್ಬರೂ ಮಕ್ಕಳು ಏನೂ ತಿಳಿಯದೆ ಮಲಗಿದ್ದರು. ಅವರ ಮುಖ ನೋಡಿ ಕೈ ನಡುಗಿತು.

ನಾವಿಬ್ಬರೂ ಆ ದಿನ ಬೆಳಿಗ್ಗೆ ಆರಕ್ಕೆ ಎದ್ದವರು. 17 ಗಂಟೆ ನಿದ್ದೆ ಇಲ್ಲದೆ ಇದ್ದರೆ ನಮ್ಮ ಚುರುಕು ರಕ್ತದಲ್ಲಿ 0.05% ಮದ್ಯ ಇದ್ದಷ್ಟು ಇಳಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಎಷ್ಟೋ ದೇಶಗಳಲ್ಲಿ ಕಾನೂನಿನ ಮಿತಿಯೇ ಅದು. ಆರಕ್ಕೆ ಎದ್ದವರಿಗೆ 17 ಗಂಟೆ ತುಂಬುವುದು ರಾತ್ರಿ ಹನ್ನೊಂದಕ್ಕೆ. ಅಂದರೆ ದಾರಿಯ ಮುಕ್ಕಾಲು ಭಾಗವನ್ನು ನಾವು ಆ ಸ್ಥಿತಿಯಲ್ಲೇ ಓಡಿಸಿದ್ದೆವು. ಅದೂ ಅಲ್ಲದೆ ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹವೇ ನಿದ್ದೆ ಕೇಳುತ್ತದೆ. ಕಾಫಿ, ಹಾಡು, ಕಿಟಕಿ ಗಾಳಿ ಯಾವುದೂ ನಿದ್ದೆಯ ಜಾಗ ತುಂಬುವುದಿಲ್ಲ.

ಇನ್ನೊಂದು ಅಪಾಯ ಇದೆ. ರಾತ್ರಿ ಮಗುವಿನ ಕತ್ತು ವಾಲುವುದನ್ನು ನೋಡಿದರೆ ಬೆಲ್ಟ್ ಬಿಚ್ಚಿ ಸೀಟಿನ ಮೇಲೆ ಉದ್ದಕ್ಕೆ ಮಲಗಿಸೋಣ ಅನಿಸುತ್ತದೆ. ತೊಡೆ ಮೇಲೆ ಹಾಕಿಕೊಳ್ಳೋಣ ಅನಿಸುತ್ತದೆ. ದಯವಿಟ್ಟು ಬೇಡ. ಜೋರಾಗಿ ಬ್ರೇಕ್ ಬಿದ್ದರೆ, ಏನಾದರೂ ಗುದ್ದಿದರೆ, ಎಂಥ ಗಟ್ಟಿ ಕೈಯಾದರೂ ಮಗುವನ್ನು ಹಿಡಿದಿಡಲಾರದು.

ಇನ್ನು ಮರುದಿನದ ಮಾತು. ಮಕ್ಕಳು ಏಳು ಗಂಟೆಗೆ ನಿದ್ದೆ ಮುಗಿಸಿ ಆಟಕ್ಕೆ ತಯಾರು. ನಮಗೆ ಕಣ್ಣು ತೆರೆಯಲಾಗುತ್ತಿಲ್ಲ. ಬೇಗ ತಲುಪಿ ಉಳಿಸಿದ ಹೊತ್ತನ್ನೆಲ್ಲ ಮಧ್ಯಾಹ್ನದವರೆಗೆ ಮಲಗಿ ಕಳೆದೆವು.

ತಿಂಡಿ ಮುಗಿಸಿ ಹಗಲಲ್ಲಿ

ಆ ಭಯದಲ್ಲಿ ಮುಂದಿನ ಸಲ ಹಗಲಲ್ಲೇ ಹೊರಟೆವು. ಎಲ್ಲರಿಗೂ ಒಳ್ಳೆ ನಿದ್ದೆ ಆಗಿತ್ತು. ಓಡಿಸುವವರ ಮಟ್ಟಿಗೆ ಇದು ತುಂಬ ಒಳ್ಳೆಯದು. ಮಕ್ಕಳ ಮಟ್ಟಿಗೆ ತುಂಬ ಕಷ್ಟ. ಹನ್ನೆರಡೂಮುಕ್ಕಾಲು ಗಂಟೆ ಹಿಡಿಯಿತು. ಹತ್ತು ಸಲ ನಿಲ್ಲಿಸಿದೆವು.

ಎರಡನೇ ಗಂಟೆಯಲ್ಲೇ ದೊಡ್ಡವಳು ವಾಂತಿ ಮಾಡಿಕೊಂಡಳು. ತಪ್ಪು ನಮ್ಮದೇ. ಹೊಟ್ಟೆ ತುಂಬ ತಿನ್ನಿಸಿ ಕೂರಿಸಿದ್ದೆವು, ಕೈಗೆ ಚಿತ್ರದ ಪುಸ್ತಕ ಕೊಟ್ಟಿದ್ದೆವು. ಒಳಕಿವಿ "ಹೋಗ್ತಾ ಇದ್ದೀವಿ" ಅನ್ನುತ್ತದೆ, ಪುಸ್ತಕದಲ್ಲಿ ನೆಟ್ಟ ಕಣ್ಣು "ಸುಮ್ನೆ ಕೂತಿದ್ದೀವಿ" ಅನ್ನುತ್ತದೆ. ಈ ಎರಡು ಸುದ್ದಿ ಹೊಂದದೆ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಜಾಸ್ತಿ. ಆಮೇಲೆ ಅವಳ ಸೀಟನ್ನು ಹಿಂದಿನ ಸಾಲಿನ ನಡುವಿಗೆ ಹಾಕಿದೆವು. ನಮ್ಮ ಗಾಡಿಯಲ್ಲಿ ಅಲ್ಲೂ ಭುಜದ ಮೇಲೆ ಹಾಯುವ ಬೆಲ್ಟ್ ಇದೆ. ಅಲ್ಲಿಂದ ಮುಂದಿನ ರಸ್ತೆ ಕಾಣುತ್ತದೆ. ದೂರ ನೋಡುತ್ತಾ ಕೂತಳು, ಮತ್ತೆ ವಾಂತಿ ಆಗಲಿಲ್ಲ. ವಾಂತಿ ಮಾತ್ರೆ ಕೊಡುವವರು ಡಾಕ್ಟರನ್ನು ಕೇಳಿಯೇ ಕೊಡಿ. ಎರಡು ವರ್ಷದೊಳಗಿನವರಿಗಂತೂ ಸ್ವಂತ ನಿರ್ಧಾರ ಬೇಡವೇ ಬೇಡ. ಕೆಲವು ಮಕ್ಕಳಿಗೆ ಆ ಮಾತ್ರೆಯಿಂದ ನಿದ್ದೆಯ ಬದಲು ಚಡಪಡಿಕೆ ಶುರುವಾಗುತ್ತದೆ.

ಮಧ್ಯಾಹ್ನ ಚಿಕ್ಕವನ ಕಿಟಕಿಗೆ ನೇರ ಬಿಸಿಲು. ರಚ್ಚೆ ಹಿಡಿದ. ಅವನು ಅತ್ತಿದ್ದಕ್ಕೆ ಅವಳೂ ಅತ್ತಳು. ಸ್ಟೀರಿಂಗ್ ಹಿಡಿದವರ ಕಿವಿಯ ಹಿಂದೆ ಇಬ್ಬರು ಒಟ್ಟಿಗೆ ಕಿರುಚುವಾಗ ರಸ್ತೆ ಮೇಲೆ ಗಮನ ಇಡುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ರಾತ್ರಿ ಹತ್ತೂಕಾಲಿಗೆ ತಲುಪಿದಾಗ ಯಾರ ಹತ್ತಿರವೂ ಮಾತಿರಲಿಲ್ಲ.

ನಸುಕಿನ ನಾಲ್ಕೂವರೆ

ನನ್ನ ಆಯ್ಕೆ ಇದು. ಆದರೆ ಇದಕ್ಕೊಂದು ಷರತ್ತಿದೆ. ಹಿಂದಿನ ಸಂಜೆಯೇ ಎಲ್ಲವೂ ಡಿಕ್ಕಿಗೆ ಹೋಗಿರಬೇಕು, ಮಕ್ಕಳ ಜೊತೆ ದೊಡ್ಡವರೂ ಒಂಬತ್ತಕ್ಕೆ ಮಲಗಿರಬೇಕು. ಹನ್ನೊಂದರವರೆಗೆ ಬಟ್ಟೆ ಜೋಡಿಸುತ್ತಾ ಕೂತರೆ ಇದೂ ರಾತ್ರಿ ಪ್ರಯಾಣದಷ್ಟೇ ಅಪಾಯ. ನಾವು ಏಳು ಗಂಟೆ ಮಲಗಿದ್ದೆವು. ಮಕ್ಕಳನ್ನು ಹಗಲಿನ ಬಟ್ಟೆಯಲ್ಲೇ ಮಲಗಿಸಿ, ಎತ್ತಿಕೊಂಡು ಹೋಗಿ ಸೀಟಿನಲ್ಲಿ ಕೂರಿಸಿದೆವು. ದಪ್ಪ ಜಾಕೆಟ್ ಹಾಕಿ ಬೆಲ್ಟ್ ಬಿಗಿಯಬೇಡಿ, ಒಳಗೆ ಸಡಿಲ ಉಳಿಯುತ್ತದೆ. ಮೊದಲು ಬೆಲ್ಟ್, ಮೇಲೆ ಹೊದಿಕೆ.

ಚಿಕ್ಕವನಿಗೆ ಎಚ್ಚರವೇ ಆಗಲಿಲ್ಲ. ದೊಡ್ಡವಳು ಎದ್ದು ಅರ್ಧ ಗಂಟೆ ಮುನಿಸಿಕೊಂಡು ಮತ್ತೆ ಮಲಗಿದಳು. ಏಳೂಕಾಲಿಗೆ ಇಬ್ಬರೂ ಎದ್ದಾಗ 180 ಕಿಲೋಮೀಟರ್ ದಾಟಿತ್ತು. ಮೂರನೇ ಒಂದು ಭಾಗ ದಾರಿ, ಒಂದು ಅಳುವೂ ಇಲ್ಲದೆ! ಆ ನಂತರ ಬೆಳಗಿನ ತಿಂಡಿಗೆ ಮುಕ್ಕಾಲು ಗಂಟೆ ನಿಲ್ಲಿಸಿದೆವು. ಸೂರ್ಯ ಹುಟ್ಟುವ ಹೊತ್ತಿಗೆ ಪೂರ್ವಕ್ಕೆ ಹೋಗುತ್ತಿದ್ದರೆ ಕಣ್ಣಿಗೆ ನೇರ ಬೆಳಕು ಹೊಡೆಯುತ್ತದೆ, ಅದೊಂದು ತೊಂದರೆ. ಹನ್ನೊಂದರ ಸುಮಾರಿಗೆ ಮಕ್ಕಳ ಹಟವೂ ಇತ್ತು. ಆದರೆ ಮಧ್ಯಾಹ್ನ ಎರಡೂಮುಕ್ಕಾಲಿಗೆ ಅಜ್ಜಿ ಮನೆ ಬಾಗಿಲಲ್ಲಿದ್ದೆವು. ಮಕ್ಕಳು ಇಳಿದವರೇ ಅಂಗಳಕ್ಕೆ ಓಡಿದರು. ನಮಗೂ ಅವರ ಜೊತೆ ಕೂರುವಷ್ಟು ಶಕ್ತಿ ಇತ್ತು.

ನಿಲ್ಲಿಸುವುದು ಯಾವಾಗ?

ಹಗಲು ಪ್ರಯಾಣದಲ್ಲಿ ಕೇಳಿದಾಗಲೆಲ್ಲ ನಿಲ್ಲಿಸಿದೆವು. ನಸುಕಿಗೆ ಹೊರಟ ಸಲ ಎರಡು ಗಂಟೆಗೊಮ್ಮೆ, ಕೇಳಲಿ ಬಿಡಲಿ, ಇಪ್ಪತ್ತು ನಿಮಿಷ. ಎರಡನೆಯದೇ ಗೆದ್ದಿತು. ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಅಂತ ಡಾಕ್ಟರುಗಳು ಅಂದಾಜು ಹಾಕುವ ಒಂದು ಸುಲಭ ಲೆಕ್ಕ ಇದೆ: ವಯಸ್ಸಿಗೆ ಎರಡು ಸೇರಿಸಿ 30 ಮಿಲಿ ಲೀಟರಿನಿಂದ ಗುಣಿಸಿ. ನಮ್ಮ ಮೂರು ವರ್ಷದವನಿಗೆ 150, ಆರು ವರ್ಷದವಳಿಗೆ 240. ಒಂದು ಲೋಟ ನೀರನ್ನು ಒಟ್ಟಿಗೆ ಕುಡಿಸಿದರೆ ಚಿಕ್ಕವನು ಸ್ವಲ್ಪ ಹೊತ್ತಿಗೇ "ಒಂದಕ್ಕೆ" ಅನ್ನುವುದು ಹಟ ಅಲ್ಲ. ಹಾಗಂತ ನೀರು ಕಡಿಮೆ ಮಾಡಬೇಡಿ, ಗುಟುಕು ಗುಟುಕಾಗಿ ಕೊಡಿ. ನಿಲ್ಲಿಸಿದಾಗ ಗಾಡಿಗಳಿಂದ ದೂರದ ಜಾಗದಲ್ಲಿ ಓಡಲು ಬಿಡಿ. ಸುಮ್ನೆ ನಿಲ್ಲಿಸಿ ಕೂರಿಸಿದರೆ ಏನೂ ಉಪಯೋಗ ಇಲ್ಲ.

ಮಗು ಮಲಗಿದೆ, ಎರಡೇ ನಿಮಿಷ ಇಳಿದು ಬರೋಣ ಅನಿಸುವುದೂ ಇಂಥ ಕಡೆಗಳಲ್ಲೇ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮಗುವಿನ ಮೈ ದೊಡ್ಡವರಿಗಿಂತ ಬಹಳ ಬೇಗ ಕಾಯುತ್ತದೆ. ಒಬ್ಬರು ಮಗುವಿನ ಹತ್ತಿರ ಇರಲೇಬೇಕು.

ಫೋನಾ, ಕಥೆಯಾ?

ಫೋನ್ ಕೊಟ್ಟರೆ ತಕ್ಷಣ ಶಾಂತಿ. ಆದರೆ ಬಗ್ಗಿ ನೋಡುವುದರಿಂದ ದೊಡ್ಡವಳಿಗೆ ಹೊಟ್ಟೆ ತೊಳಸುತ್ತದೆ, ವಾಪಸ್ ಕೇಳಿದರೆ ಚಿಕ್ಕವನು ಅಳುತ್ತಾನೆ. ಮೂರನೇ ಸಲಕ್ಕೆ ಅಜ್ಜಿಯ ಹತ್ತಿರ ಹನ್ನೆರಡು ಕಥೆ ಹೇಳಿಸಿ ರೆಕಾರ್ಡ್ ಮಾಡಿಸಿಕೊಂಡೆವು. ಒಂದೊಂದೂ ಹದಿನೈದು ನಿಮಿಷ. ಕಣ್ಣು ಕಿಟಕಿಯಲ್ಲಿ, ಕಿವಿ ಕಥೆಯಲ್ಲಿ. ಜೊತೆಗೆ ಇನ್ನೊಂದು ಒಳ್ಳೆಯದಾಯಿತು. ಮೂರು ವರ್ಷದ ಮಗುವಿಗೆ "ಇನ್ನೂ ಎರಡು ಗಂಟೆ" ಅಂದರೆ ಏನು ಅರ್ಥ ಆಗುತ್ತದೆ ಹೇಳಿ? "ಇನ್ನು ಮೂರು ಕಥೆ ಆದ್ಮೇಲೆ ಇಳಿಯೋಣ ಕಂದಾ" ಅಂದರೆ ಬೆರಳು ಮಡಚಿ ಎಣಿಸುತ್ತಾನೆ. ಆದರೂ ಫೋನನ್ನು ಪೂರ್ತಿ ಬಿಟ್ಟಿಲ್ಲ. ಕೊನೆಯ ಅರ್ಧ ಗಂಟೆಗೆ, ಗಾಡಿ ಸಾಲಿನಲ್ಲಿ ನಿಂತುಬಿಟ್ಟಾಗ, ಅದು ಬೇಕಾಯಿತು.

ಎರಡು ದಿನಕ್ಕೆ ಹಂಚಿಕೊಂಡು ಹೋಗುವುದನ್ನು ಬೇರೆ ದಾರಿಯಲ್ಲಿ ಒಮ್ಮೆ ಮಾಡಿದ್ದೇವೆ. ಹೊಸ ಕೋಣೆಯಲ್ಲಿ ಮಕ್ಕಳು ಹನ್ನೊಂದೂವರೆವರೆಗೆ ಮಲಗಲಿಲ್ಲ, ಮರುದಿನ ಹೊರಡುವುದು ತಡವಾಯಿತು. ಇಬ್ಬರು ಓಡಿಸುವವರಿದ್ದು ದಾರಿ 600 ಕಿಲೋಮೀಟರಿನೊಳಗಿದ್ದರೆ ನಸುಕಿಗೇ ಹೊರಡಿ ಅನ್ನುತ್ತೇನೆ. ಒಬ್ಬರೇ ಓಡಿಸುವುದಾದರೆ ಎರಡು ದಿನ ಮಾಡಿ. ಮಕ್ಕಳು ತಡವಾಗಿ ಮಲಗಿದರೆ ಮಲಗಲಿ, ಓಡಿಸುವವರು ಮಾತ್ರ ಮೊದಲು ಮಲಗಬೇಕು.