ಮ್ಯಾನ್‌ಹಟನ್ ರೇಡಿಯೋ ವಾಕ್: ಖಂಡಿತ ಹೋಗಿ, ಆದ್ರೆ ಎನ್‌ಬಿಸಿ ಹತ್ರ ಗೈಡ್‌ನ ಸ್ವಲ್ಪ ನಿಲ್ಲಿಸ್ಕೊಳ್ಳಿ

ನ್ಯೂಯಾರ್ಕಲ್ಲಿ ಹಳೇ ರೇಡಿಯೋ ಸ್ಟೇಷನ್‌ಗಳಿದ್ದ ಜಾಗ ತೋರಿಸೋ ವಾಕಿಂಗ್ ಟೂರ್ ಒಂದಿದೆ, ಸಣ್ಣ ಗುಂಪು, ಒಬ್ಬ ಗೈಡ್, ಎಲ್ಲರಿಗೂ ಒಂದೊಂದು ಇಯರ್‌ಫೋನ್. ಟಾಕ್ ರೇಡಿಯೋ ಅಂದ್ರೆ ನಂಗೆ ಪ್ರಾಣ, ಒಂದು ಊರಿನ ಸ್ಟುಡಿಯೋದಲ್ಲಿ ಕೂತು ಆಡಿದ ಮಾತು ದೇಶದ ನೂರಾರು ಸ್ಟೇಷನ್‌ಗೆ ಹೋಗೋ ಈ ಸಿಂಡಿಕೇಷನ್ ವ್ಯವಹಾರ ಹೇಗೆ ಬೆಳೀತು ಅಂತ ತಿಳ್ಕೊಳ್ಳೋಕೇ ಹೋಗಿದ್ದು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ಟೂರ್ ಶುರುವಾಗೋದು ಪೆನ್ ಸ್ಟೇಷನ್ ಮೇಲೇ ಇರೋ 2 ಪೆನ್ ಪ್ಲಾಜಾ ಮುಂದೆ, ಡಬ್ಲ್ಯುಎಬಿಸಿ ಅನ್ನೋ ರೇಡಿಯೋ ಸ್ಟೇಷನ್ ವರ್ಷಾನುಗಟ್ಲೆ ಇದ್ದ ಬಿಲ್ಡಿಂಗು. ನ್ಯೂಜೆರ್ಸಿಯಿಂದ ಟ್ರೈನಲ್ಲಿ ಬರೋರಿಗೆ ಇದಕ್ಕಿಂತ ಸುಲಭ ಇಲ್ಲ. ಆದ್ರೆ ರಾಜಕೀಯ ಟಾಕ್ ಶೋಗೆ ಹೆಸರಾದ ರಶ್ ಲಿಂಬಾ ಕತೆ ಇಲ್ಲೇ ಹೇಳಿಬಿಡ್ತಾರೆ, ಅದು ನಂಗೆ ಸರಿ ಅನ್ನಿಸ್ಲಿಲ್ಲ, ಕ್ಲೈಮ್ಯಾಕ್ಸೇ ಮೊದಲು ಬಂದ್ಹಾಗಾಯ್ತು. ಲಿಂಬಾ ರಾಷ್ಟ್ರೀಯ ಶೋ ಆಗಸ್ಟ್ 1988ರಲ್ಲಿ ಐವತ್ತಾರು ಸ್ಟೇಷನ್ ಜೊತೆ ಶುರುವಾಯ್ತು, ಅದರ ಹಿಂದೆ ಇದ್ದೋರು ಎಬಿಸಿ ರೇಡಿಯೋದ ಹಳೇ ಮುಖ್ಯಸ್ಥ ಎಡ್ ಮೆಕ್ಲಾಫ್ಲಿನ್. ಊರೂರಿನ ಸ್ಟೇಷನ್‌ಗಳಿಗೆ ಶೋ ಪುಕ್ಕಟೆ ಕೊಡೋದು, ಬದಲಿಗೆ ಗಂಟೆಯಲ್ಲಿ ಒಂದಿಷ್ಟು ನಿಮಿಷದ ಜಾಹೀರಾತು ತಾವೇ ಮಾರ್ಕೊಳ್ಳೋದು, ದುಡ್ಡಿಲ್ಲದೆ ಒದ್ದಾಡ್ತಿದ್ದ ಎಎಂ ಸ್ಟೇಷನ್‌ಗಳು ಇದನ್ನ ಬೇಡ ಅನ್ನೋಕೆ ಕಾರಣಾನೇ ಇರ್ಲಿಲ್ಲ. ವಿವಾದದ ವಿಷಯ ಮಾತಾಡಿದ್ರೆ ಎರಡೂ ಕಡೆಗೆ ಜಾಗ ಕೊಡಬೇಕು ಅನ್ನೋ ಫೇರ್‌ನೆಸ್ ಡಾಕ್ಟ್ರಿನ್‌ನ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1987ರಲ್ಲೇ ಕೈಬಿಟ್ಟಿತ್ತು, ಹಂಗಾಗಿ ಒಂದೇ ಕಡೆ ಮಾತಾಡೋ ಶೋಗೆ ಅಡ್ಡಿ ಇರ್ಲಿಲ್ಲ. ಇದೆಲ್ಲಾ ಗೈಡ್ ಚೆನ್ನಾಗೇ ಬಿಡಿಸಿ ಹೇಳಿದ್ರು.

ನಿಜವಾದ ಮಜಾ ಇರೋದು 1440 ಬ್ರಾಡ್‌ವೇನಲ್ಲಿ. ಹಳೇ ಡಬ್ಲ್ಯುಒಆರ್ ರೇಡಿಯೋ ಸ್ಟೇಷನ್ ಇದ್ದಿದ್ದು ಇಲ್ಲೇ. 1945ರಲ್ಲಿ ಬ್ಯಾರಿ ಗ್ರೇ ಅನ್ನೋ ಡಿಜೆ ರಾತ್ರಿ ರೆಕಾರ್ಡ್ ಹಾಕಿ ಹಾಕಿ ಬೇಜಾರಾಗಿ, ಬ್ಯಾಂಡ್ ಲೀಡರ್ ವುಡಿ ಹರ್ಮನ್ ಫೋನ್‌ನಲ್ಲಿ ಸಿಕ್ಕಾಗ ರಿಸೀವರ್‌ನ ಹಾಗೇ ಮೈಕಿಗೆ ಹಿಡಿದುಬಿಟ್ರಂತೆ, ಕೇಳುಗರಿಗೆ ಅದು ಹಾಡಿಗಿಂತ ಹಿಡಿಸಿಬಿಡ್ತು. 1954ರಿಂದ ಇದೇ ಸ್ಟೇಷನ್‌ನಲ್ಲಿ ಲಾಂಗ್ ಜಾನ್ ನೆಬಲ್ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಹಾರೋ ತಟ್ಟೆ, ದೆವ್ವ ಭೂತ ಅಂತ ಮಾತಾಡ್ತಿದ್ರು. ಐವತ್ತು ಸಾವಿರ ವಾಟ್ ಸ್ಟೇಷನ್, ರಾತ್ರಿ ಎಎಂ ಅಲೆ ಆಕಾಶಕ್ಕೆ ಬಡಿದು ದೂರ ದೂರ ಹೋಗುತ್ತೆ, ಹಂಗಾಗಿ ಸಿಂಡಿಕೇಷನ್, ಸ್ಯಾಟಲೈಟು ಏನೂ ಇಲ್ದೇನೇ ಎಷ್ಟೋ ರಾಜ್ಯದ ಜನ ನ್ಯೂಯಾರ್ಕ್ ಹರಟೆ ಕೇಳ್ತಿದ್ರು. ಈ ಜಾಗದಲ್ಲಿ ಇಯರ್‌ಫೋನಲ್ಲಿ ಹಳೇ ರೆಕಾರ್ಡಿಂಗ್ ಹಾಕ್ತಾರೆ, ಟ್ರಾಫಿಕ್ ಗದ್ದಲದಲ್ಲೂ ಮೈ ಜುಮ್ ಅಂತು.

ಆಮೇಲೆ ರಾಕ್‌ಫೆಲ್ಲರ್ ಪ್ಲಾಜಾದ ಎನ್‌ಬಿಸಿ ಕಟ್ಟಡ, ಇಲ್ಲೇ ಟೂರ್ ಎಡವಿದ್ದು. ಎರಡು ಮಾತು ಹೇಳಿ ಎಲ್ಲರನ್ನೂ ಫೋಟೋಗೆ ಬಿಟ್ರು. ಅಲ್ಲ ಸ್ವಾಮಿ, 1981ರಲ್ಲಿ ಎನ್‌ಬಿಸಿ ಟಾಕ್‌ನೆಟ್ ಅನ್ನೋ ದೇಶವ್ಯಾಪಿ ಟಾಕ್ ರೇಡಿಯೋ ನೆಟ್‌ವರ್ಕ್ ಶುರು ಮಾಡಿದ್ದು ಸಣ್ಣ ವಿಷಯಾನಾ? ಸಂಜೆ ಹೊತ್ತು ಬ್ರೂಸ್ ವಿಲಿಯಮ್ಸ್ ದುಡ್ಡು, ಸಾಲ, ವ್ಯಾಪಾರದ ಬಗ್ಗೆ ಸಲಹೆ ಕೊಡ್ತಿದ್ರು, ಸ್ಯಾಲಿ ಜೆಸ್ಸಿ ರಾಫೇಲ್ ಸಂಸಾರದ ಕಷ್ಟ ಕೇಳ್ತಿದ್ರು, ಯಾವುದೋ ಮೂಲೆ ಊರಿನವರು ಫೋನ್ ಮಾಡಿದ್ದು ದೇಶಕ್ಕೆಲ್ಲಾ ಕೇಳ್ತಿತ್ತು. ಅದಕ್ಕೂ ಮುಂಚೆ 1978ರಿಂದ ಲ್ಯಾರಿ ಕಿಂಗ್ ವಾಷಿಂಗ್ಟನ್ ಕಡೆಯಿಂದ ಮ್ಯೂಚುಯಲ್ ಅನ್ನೋ ರೇಡಿಯೋ ನೆಟ್‌ವರ್ಕಲ್ಲಿ ರಾತ್ರಿಯಿಡೀ ಮಾತಾಡ್ತಾನೇ ಇದ್ರು. ಸ್ಯಾಟಲೈಟ್ ಬಂದು ಫೋನ್ ಕಂಪನಿಯ ಬಾಡಿಗೆ ಲೈನು ತಪ್ಪಿದ ಮೇಲೆ ಇಂಥ ಶೋ ಹಂಚೋದು ಅಗ್ಗ ಆಯ್ತು. ಲಿಂಬಾ ಬಂದಾಗ ದಾರಿ ಆಗ್ಲೇ ಹಾಕಿತ್ತು, ಅವರು ಮಾಡಿದ್ದು ಅದೇ ದಾರೀಲಿ ಹಗಲು ಹೊತ್ತು, ರಾಜಕೀಯ ತುಂಬ್ಕೊಂಡು ಬಂದಿದ್ದು. ಇದನ್ನ ಬಿಟ್ಟು ಇತಿಹಾಸ ಹೇಳಿದ್ರೆ ಜಗಳವಾಡೋ ಶೋ ಇಂದಲೇ ಎಲ್ಲಾ ಶುರುವಾಯ್ತು ಅಂತ ಜನ ನಂಬ್ಕೊಂಡು ಮನೆಗೆ ಹೋಗ್ತಾರೆ, ಅದು ಅನ್ಯಾಯ.

ಕೊನೇ ನಿಲ್ದಾಣ 54ನೇ ಸ್ಟ್ರೀಟ್ ಹತ್ರ, ಪೆನ್ ಪ್ಲಾಜಾಗೆ ಹೋಗೋಕೆ ಮುಂಚೆ ಡಬ್ಲ್ಯುಎಬಿಸಿ ಇದ್ದ ಹಳೇ ವಿಳಾಸ. ಎಫ್ಎಂ ಹಾಡು ಕೇಳೋರನ್ನೆಲ್ಲಾ ಸೆಳ್ಕೊಂಡ ಮೇಲೆ ಈ ಪಾಪ್ಯುಲರ್ ಸ್ಟೇಷನ್ 10 ಮೇ 1982ರ ಮಧ್ಯಾಹ್ನ ಜಾನ್ ಲೆನನ್ ಹಾಡಿನ ಜೊತೆ ಸಂಗೀತ ನಿಲ್ಲಿಸಿ ಮಾತಿಗೆ ಹೊರಳ್ತು. ಆ ದಿನದ ಆಡಿಯೋ ಪೂರ್ತಿ ಕೇಳಿಸ್ತಾರೆ, ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ರು ಕಣ್ಣೊರೆಸ್ಕೊಂಡ್ರು.

ಗೈಡ್‌ಗೆ ವಿಷಯ ಗೊತ್ತಿಲ್ಲ ಅಂತಲ್ಲ, ಮುಗಿದ ಮೇಲೆ ಟಾಕ್‌ನೆಟ್ ಬಗ್ಗೆ ಕೇಳಿದ್ದಕ್ಕೆ ನಿಂತಲ್ಲೇ ಎಷ್ಟೊತ್ತು ಹೇಳಿದ್ರು ಅಂದ್ರೆ ಅದೇ ಟೂರಿನ ಬೆಸ್ಟ್ ಭಾಗ ಆಯ್ತು. ಹಂಗಾಗಿ ಎನ್‌ಬಿಸಿ ಮುಂದೆ ಫೋಟೋ ತೆಗೆಯೋ ಗ್ಯಾಪಲ್ಲೇ ಕೇಳ್ಬಿಡಿ. ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ, ನಡೆಯೋದು ಜಾಸ್ತಿ, ಕೂರೋಕೆ ಎಲ್ಲೂ ಜಾಗ ಇಲ್ಲ, ಶೂ ಒಳ್ಳೇದು ಹಾಕ್ಕೊಳ್ಳಿ.