ಮೌನವನ್ನು ಕಾಪಾಡಿಕೊಂಡ ಮರುಬಿಡುಗಡೆ: ಜಾಕ್ಸ್ ತಂಡದ ‘ಜಾಕ್ಸ್ ನೋ ಸೆಕಾಯ್’

ಜಪಾನಿನ ಅರವತ್ತರ ದಶಕದ ರಾಕ್ ಆಲ್ಬಂಗಳನ್ನು ಸಂಗ್ರಹಿಸಲು ಹೊರಟವರ ಕೈಗೆ ಮೊದಲು ಸಿಗುವುದು ‘ಗ್ರೂಪ್ ಸೌಂಡ್ಸ್’ ಎಂದು ಹೆಸರಾದ ತಂಡಗಳು. 1966ರಲ್ಲಿ ಬೀಟಲ್ಸ್ ಟೋಕಿಯೊದ ಬುಡೋಕಾನ್‌ನಲ್ಲಿ ಹಾಡಿಹೋದ ಮೇಲೆ ಈ ಅಲೆ ದೊಡ್ಡದಾಯಿತು. ಟೈಗರ್ಸ್‌ನಂಥ ತಂಡಗಳು ಒಂದೇ ಬಗೆಯ ಉಡುಪು ತೊಟ್ಟು, ವೃತ್ತಿಪರ ಕವಿಗಳೂ ಸಂಯೋಜಕರೂ ಬರೆದುಕೊಟ್ಟ ಹಾಡುಗಳನ್ನು ಹಾಡಿ ಜನಪ್ರಿಯವಾದವು. ಯೊಕೊಹಾಮಾದ ಗೋಲ್ಡನ್ ಕಪ್ಸ್ ತಂಡದ, ಹಾಗೆಯೇ ಮಾಪ್ಸ್ ತಂಡದ ಒರಟು ಗಿಟಾರ್ ನನಗೆ ಇಂದಿಗೂ ಬಹಳ ಪ್ರಿಯ. ಆದರೂ ಮರುಬಿಡುಗಡೆಯೊಂದರ ಗುಣವನ್ನು ಒರೆಗೆ ಹಚ್ಚಿ ನೋಡಬೇಕಾದರೆ, ಆ ಅಲೆಯ ಅಂಚಿನಲ್ಲಿ ನಿಂತು ತಮ್ಮದೇ ಹಾಡುಗಳನ್ನು ಹಾಡಿದ ಜಾಕ್ಸ್ ತಂಡದ ಮೊದಲ ಆಲ್ಬಮ್ಮೇ ಸರಿಯಾದ ಕಲ್ಲು.

1968ರ ಸೆಪ್ಟೆಂಬರ್‌ನಲ್ಲಿ ತೋಶಿಬಾ ಹೊರತಂದ ಈ ಆಲ್ಬಂನಲ್ಲಿ ಹತ್ತು ಹಾಡುಗಳಿವೆ. ಗಾಯಕ ಹಯಾಕಾವಾ ಯೋಶಿಯೊ, ಗಿಟಾರ್ ವಾದಕ ಮಿಜುಹಾಶಿ ಹರುವೊ, ಬಾಸ್ ನುಡಿಸಿದ ತಾನಿನೊ ಹಿತೋಶಿ, ಡ್ರಮ್ಸ್ ಜೊತೆಗೆ ಕೊಳಲನ್ನೂ ವೈಬ್ರಫೋನನ್ನೂ ನುಡಿಸಿದ ಕಿದಾ ತಾಕಾಸುಕೆ, ಈ ನಾಲ್ವರ ನಡುವೆ ಸ್ವರಗಳಿಗಿಂತ ಹೆಚ್ಚಾಗಿ ಮೌನವೇ ಓಡಾಡುತ್ತದೆ. ‘ಕರಪ್ಪೊ ನೋ ಸೆಕಾಯ್’, ಅಂದರೆ ಬರಿದಾದ ಜಗತ್ತು, ಎಂಬ ಹಾಡು ತಾನು ಮೂಕನಾಗಿಬಿಟ್ಟೆ ಎಂಬ ಮಾತಿನಿಂದ ತೊಡಗುತ್ತದೆ. ಅಲ್ಲಿ ಗಿಟಾರಿನ ಒಂದು ಮೀಟಿಗೂ ಮತ್ತೊಂದಕ್ಕೂ ನಡುವಿನ ಬಿಡುವು ಕೇಳಿಸದಿದ್ದರೆ ಹಾಡೇ ಇಲ್ಲ.

ನನ್ನ ಬಳಿ ಮೊದಲಿದ್ದ ಸಿಡಿಯಲ್ಲಿ ಆ ಬಿಡುವನ್ನೇ ಅಳಿಸಿಹಾಕಿದ್ದರು. ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿದ್ದರಿಂದ ಹಯಾಕಾವಾ ಅವರ ಪಿಸುಮಾತೂ ಕೂಗೂ ಒಂದೇ ಆಗಿ ಕೇಳುತ್ತಿದ್ದವು. ಟೋಕಿಯೊದ ಓಚಾನೊಮಿಜುವಿನಲ್ಲಿ, ಸಂಗೀತ ವಾದ್ಯಗಳ ಅಂಗಡಿಗಳು ಒತ್ತೊತ್ತಾಗಿರುವ ಬೀದಿಯಲ್ಲಿ, ಈಚೆಗೆ ಕೊಂಡ ಕಾಗದದ ಕವಚದ ಆವೃತ್ತಿ ಹಾಗಿಲ್ಲ. ಇದರ ಧ್ವನಿಮಟ್ಟ ತಗ್ಗಿನಲ್ಲಿದೆ, ಆಂಪ್ಲಿಫೈಯರನ್ನು ಸ್ವಲ್ಪ ಏರಿಸಿಯೇ ಕೇಳಬೇಕು. ಹಾಗೆ ಏರಿಸಿದಾಗ ಮೊದಲ ಹಾಡು ‘ಮರಿಯಾನ್ನು’ವಿನಲ್ಲಿ ಕಿದಾ ಅವರ ಡ್ರಮ್ಸ್ ಜಾಝ್‌ನವರಂತೆ ತಾಳದ ಅಂಚಿನಲ್ಲಿ ಉರುಳಿ, ಎದ್ದು, ಮತ್ತೆ ಒಡೆಯುವುದು ಪದರಪದರವಾಗಿ ತೆರೆದುಕೊಳ್ಳುತ್ತದೆ. ಬಿರುಗಾಳಿಯ ರಾತ್ರಿ ನನಗಿಷ್ಟ ಎನ್ನುವ ಆ ಹಾಡಿಗೆ ಬೇಕಾದ ಕತ್ತಲೆ ಇಲ್ಲಿದೆ. ಮೂಲ ಟೇಪಿನ ಸಣ್ಣ ಸುಯ್ಲನ್ನೂ ತೆಗೆದುಹಾಕದೆ ಬಿಟ್ಟದ್ದು ಸರಿಯಾದ ತೀರ್ಮಾನ.

ಕವಚದ ಕೆಲಸವೂ ಶ್ರದ್ಧೆಯದು. ಹಳೆಯ ಎಲ್‌ಪಿಯ ಹೊದಿಕೆಯನ್ನು ಸಿಡಿಯ ಅಳತೆಗೆ ಇಳಿಸಿ, ಬೆನ್ನಿಗೆ ‘ಒಬಿ’ಯನ್ನೂ ಸುತ್ತಿದ್ದಾರೆ, ಕಿಮೋನೊದ ನಡುಪಟ್ಟಿಯ ಹೆಸರನ್ನೇ ಪಡೆದ ಈ ಕಾಗದದ ಪಟ್ಟಿ ಹರಿಯದೆ ಉಳಿದಿದ್ದರೆ ಸಂಗ್ರಾಹಕರ ನಡುವೆ ಡಿಸ್ಕಿನ ಬೆಲೆಯೇ ಬೇರೆ. ಕೊರತೆ ಇರುವುದು ಹಿಂಬದಿಯಲ್ಲಿ: ಮೂಲದ ಟಿಪ್ಪಣಿಯನ್ನು ಹಾಗೆಯೇ ಕುಗ್ಗಿಸಿರುವುದರಿಂದ ಭೂತಗನ್ನಡಿ ಇಲ್ಲದೆ ಒಂದು ಸಾಲನ್ನೂ ಓದಲಾಗದು. ಅದನ್ನು ಒಳಗಿನ ಪುಸ್ತಿಕೆಯಲ್ಲಿ ಓದಬಹುದಾದ ಅಕ್ಷರದಲ್ಲಿ ಮತ್ತೆ ಮುದ್ರಿಸಬೇಕಿತ್ತು.

ಜಾಕ್ಸ್ 1969ರಲ್ಲಿ ಚದುರಿಹೋಯಿತು, ಎರಡನೆಯ ಆಲ್ಬಂ ಬಂದದ್ದೂ ಅದೇ ವರ್ಷ. ಹಯಾಕಾವಾ ಸಂಗೀತ ಬಿಟ್ಟು ಕಾವಾಸಾಕಿಯಲ್ಲಿ ಪುಸ್ತಕದಂಗಡಿ ನಡೆಸಿದರು, ತೊಂಬತ್ತರ ದಶಕದಲ್ಲಷ್ಟೇ ಮತ್ತೆ ಹಾಡಲು ಬಂದರು. ಕಿದಾ 1980ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹೀಗಾಗಿ ಆ ನಾಲ್ವರು ಒಂದೇ ಕೋಣೆಯಲ್ಲಿ ಉಸಿರಾಡಿದ್ದನ್ನು ಹತ್ತಿರದಿಂದ ಕೇಳಲು ಇಂಥ ಎಚ್ಚರದ ಮರುಬಿಡುಗಡೆಯೇ ಬೇಕು, ಮತ್ತು ಇದನ್ನು ನಾನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಬಳಸಿದ ಪ್ರತಿ ಕೊಳ್ಳುವವರು ಒಬಿಯ ಮಡಿಕೆಗಳನ್ನು ನೋಡುವ ಮೊದಲು ‘ಕರಪ್ಪೊ ನೋ ಸೆಕಾಯ್’ ಸೇರಿದಂತೆ ಹತ್ತೂ ಹಾಡುಗಳು ಇವೆಯೇ ಎಂದು ಎಣಿಸಿಕೊಳ್ಳಲಿ (ಕೆಲವು ಆವೃತ್ತಿಗಳಲ್ಲಿ ಆ ಹಾಡು ಇಲ್ಲದಿರಬಹುದು), ಸಾಧ್ಯವಾದರೆ ಅಂಗಡಿಯಲ್ಲೇ ಆ ಹಾಡಿನ ಮೊದಲ ನಿಮಿಷವನ್ನು ಕೇಳಿ ನೋಡಲಿ.