ಹಳೆ ವಲಯ ಟೈಂಟೇಬಲ್: ಹಾಸನದ ಕಡೆ ಗಾಡಿ ನೋಡುವವರಿಗೆ

ಹವ್ಯಾಸಕ್ಕೆ ಗಾಡಿ ನೋಡುವವರು ಕೊಳ್ಳುವುದಾದರೆ ದಕ್ಷಿಣ ರೈಲ್ವೆಯ ಹಳೆ ವಲಯ ಟೈಂಟೇಬಲ್ ಕೊಳ್ಳಿ, ಇಡೀ ದೇಶದ ಟೈಂಟೇಬಲ್ ಆದ ‘ಟ್ರೇನ್ಸ್ ಅಟ್ ಎ ಗ್ಲಾನ್ಸ್’ ಬೇಡ. ಅದರಲ್ಲಿ ದೇಶದ ಎಕ್ಸ್‌ಪ್ರೆಸ್‌ಗಳೆಲ್ಲ ಸಿಗುತ್ತವೆ, ಆದರೆ ಪ್ಯಾಸೆಂಜರ್ ಗಾಡಿಗೂ ಸಣ್ಣ ಸ್ಟೇಷನ್‌ಗೂ ಜಾಗವಿಲ್ಲ. ಆಲೂರು, ಬಾಳ್ಳುಪೇಟೆ ಬಿಟ್ಟರೆ ನಮ್ಮ ಕಡೆ ನೋಡುವುದಾದರೂ ಏನನ್ನು?

ಮೊಬೈಲ್ ಇಲ್ಲದ ಕಾಲದಲ್ಲಿ ವಲಯದ ಈ ಪುಸ್ತಕವನ್ನು ಬರೀ ಗಾಡಿ ಬರುವ ಹೊತ್ತು ತಿಳಿಯಲು ಯಾರೂ ಕೊಳ್ಳುತ್ತಿರಲಿಲ್ಲ. ಅದು ಸ್ಟೇಷನ್ ಬೋರ್ಡಿನಲ್ಲೇ ಇರುತ್ತಿತ್ತು. ಕ್ರಾಸಿಂಗ್, ಅಂದರೆ ಎದುರುಬದುರು ಗಾಡಿಗಳು ಒಂದನ್ನೊಂದು ದಾಟುವುದು, ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಲು ಬೇಕಿತ್ತು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಸಮಯ ಗುರುತಿಸಿ, 1 ಸೆಂ.ಮೀ.ಗೆ 10 ನಿಮಿಷ. ಒಂದು ಹಾಳೆಗೆ ನಾಲ್ಕು ಗಂಟೆ ಹಿಡಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಸ್ಟೇಷನ್‌ಗಳು, ಟೇಬಲ್‌ನ ಅಂಚಿನಲ್ಲಿ ಕೊಟ್ಟ ಕಿ.ಮೀ. ಪ್ರಕಾರ, 1 ಸೆಂ.ಮೀ.ಗೆ 5 ಕಿ.ಮೀ. ಗಾಡಿಗೊಂದು ಓರೆ ಗೆರೆ ಎಳೆಯಿರಿ. ಎದುರುಬದುರು ಗೆರೆಗಳು ಕೂಡುವ ಜಾಗದ ಅಕ್ಕಪಕ್ಕದ ಸ್ಟೇಷನ್‌ನಲ್ಲಿ ಒಂದು ಗಾಡಿ ಕಾಯಲೇಬೇಕು, ಒಂಟಿ ಹಳಿಯಲ್ಲಿ ಬೇರೆ ದಾರಿಯಿಲ್ಲ. ಅಲ್ಲಿ ಹೋಗಿ ನಿಂತರೆ ಎರಡು ಎಂಜಿನ್ ಒಟ್ಟಿಗೆ ಸಿಗುತ್ತವೆ. ಸಕಲೇಶಪುರ ದಾಟಿದ ಮೇಲೆ ಗೆರೆ ಮಲಗಿಬಿಡುತ್ತದೆ: 1:50 ಇಳಿಜಾರಿನ ಘಾಟಿ, ಗಾಡಿ ತೆವಳುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಕೊನೆಯ ಸ್ಟೇಷನ್‌ಗೆ ಮುಂಚಿನ ತುಂಡು. ತಡವಾದದ್ದನ್ನು ಸರಿಹೊಂದಿಸಲು ಅಲ್ಲಿ ಹೆಚ್ಚುವರಿ ನಿಮಿಷ ತುಂಬಿರುತ್ತಾರೆ, ಅದನ್ನು ನಂಬಿ ವೇಗ ಲೆಕ್ಕ ಹಾಕಬೇಡಿ. ಎರಡನೆಯದು ವಾರ. ವಾರಕ್ಕೊಮ್ಮೆ ಓಡುವ ಗಾಡಿಗೆ ಕೊಡುವ ದಿನ ಅದು ಹೊರಡುವ ಊರಿನದು. ಸೋಮವಾರ ರಾತ್ರಿ ಹೊರಟದ್ದು ನಮ್ಮಲ್ಲಿಗೆ ಬರುವಾಗ ಮಂಗಳವಾರ.

ಗೂಡ್ಸ್ ಗಾಡಿ ಒಂದೂ ಇದರಲ್ಲಿಲ್ಲ, ಇದೇ ದೊಡ್ಡ ಕೊರತೆ. ಘಾಟಿ ಹತ್ತುವ ಗೂಡ್ಸ್‌ಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ನೋಡಬೇಕೆಂದರೆ ಪುಸ್ತಕ ಮುಚ್ಚಿ ಸಿಗ್ನಲ್ ನೋಡಬೇಕು. ಕೈಕಂಬದ ಸಿಗ್ನಲ್ ಇದ್ದಾಗ ಅಡ್ಡ ಚಾಚಿದ ಕೈ ಕೆಳಗಿಳಿದರೆ ಗಾಡಿ ಬಂತು ಎಂದೇ ಅರ್ಥ. ಮಾಸ್ತರರ ಕೋಣೆಯಲ್ಲಿ, ಒಂಟಿ ಹಳಿಯಲ್ಲಿ ಗಾಡಿಗೆ ಅನುಮತಿಯ ಗುರುತು ಕೊಡುವ ಟೋಕನ್ ಯಂತ್ರದ ಗಂಟೆ ಅದಕ್ಕೂ ಮುಂಚೆ ಬಾರಿಸುತ್ತಿತ್ತು, ಪಕ್ಕದ ಸ್ಟೇಷನ್‌ನವರು ಲೈನ್ ಕ್ಲಿಯರ್ (ಗಾಡಿ ಬಿಡಲು ಒಪ್ಪಿಗೆ) ಕೇಳುವಾಗಲೇ. ಗಾಡಿ ಬಂದಾಗ ಮೂವರಿದ್ದರೆ ಅನುಕೂಲ. ಒಬ್ಬರು ಎಂಜಿನ್ ನಂಬರ್ ಮತ್ತು ಅದರ ಹತ್ತಿರ ಬರೆದ ಶೆಡ್ (ಎಂಜಿನ್ ಸೇರಿದ ಡಿಪೊ) ಹೆಸರು ಕೂಗಬೇಕು, ಇನ್ನೊಬ್ಬರು ಬರೆಯಬೇಕು, ಮೂರನೆಯವರು ಬೋಗಿ ಎಣಿಸಬೇಕು. ಬೋಗಿ ನಂಬರಿನ ಮೊದಲೆರಡು ಅಂಕಿ ಅದು ತಯಾರಾದ ವರ್ಷ. ಗಾಡಿ ನಿಂತಿದ್ದಾಗ ಅಷ್ಟು ಬರೆದುಕೊಂಡರೂ ಸಾಕು. ಕೊನೆಯ ಬೋಗಿಯ ಹಿಂದೆ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡು ಕಾಣುವವರೆಗೆ ಎಣಿಕೆ ನಿಲ್ಲಿಸಬಾರದು.

ಗಾಡಿಯೊಳಗೆ ಕೂತು ಪುಸ್ತಕದ ವೇಗ ಪರೀಕ್ಷಿಸುವುದಕ್ಕೂ ಒಂದು ಉಪಾಯವಿತ್ತು. ಮೀಟರ್ ಗೇಜ್‌ನ (ಒಂದು ಮೀಟರ್ ಅಗಲದ ಹಳಿದಾರಿ) 12 ಮೀಟರ್ ಉದ್ದದ ಹಳಿಯಲ್ಲಿ 43 ಸೆಕೆಂಡಿಗೆ ಎಷ್ಟು ಸಲ ಕಟಕಟ ಕೇಳಿಸುತ್ತದೋ, ಗಂಟೆಗೆ ಅಷ್ಟು ಕಿ.ಮೀ. ವೇಗ. ಬ್ರಾಡ್ ಗೇಜ್‌ನ (ಅಗಲ ಹಳಿದಾರಿ) 13 ಮೀಟರ್ ಹಳಿಗೆ 47 ಸೆಕೆಂಡ್. ವೆಲ್ಡ್ ಮಾಡಿದ ಉದ್ದ ಹಳಿ ಬಂದ ಮೇಲೆ ಎಣಿಸಲು ಜಾಯಿಂಟೇ ಇಲ್ಲ.

ಪುಸ್ತಕದ ಕಟ್ಟು ಕಳಪೆ. ಮಲೆನಾಡಿನ ಮಳೆಗೆ ಪಿನ್ ತುಕ್ಕು ಹಿಡಿದು ನಡುವಿನ ಹಾಳೆ ಕಳಚುತ್ತದೆ. ತಂದ ದಿನವೇ ಪಿನ್ ಕಿತ್ತು, ದಬ್ಬಳದಲ್ಲಿ ಮೂರು ತೂತು ಮಾಡಿ ದಾರದಲ್ಲಿ ಹೊಲಿಯಿರಿ. ಅಕ್ಷರವೂ ಸಣ್ಣದು, ಸಂಜೆ ಪ್ಲಾಟ್‌ಫಾರ್ಮ್ ದೀಪದಲ್ಲಿ 3 ಯಾವುದು 8 ಯಾವುದು ತಿಳಿಯದು.

ಈಗ ಇದನ್ನು ಹಳೆ ಪುಸ್ತಕದ ಅಂಗಡಿಯಲ್ಲೇ ಹುಡುಕಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ ಗಾಡಿಗಳು ಬೇಕಿದ್ದರೆ 80ರ ದಶಕದ್ದು ನೋಡಿ. ಅದು ಬ್ರಾಡ್ ಗೇಜ್‌ಗೆ ಬದಲಾಗುತ್ತಿದ್ದ ವರ್ಷಗಳ ಪುಸ್ತಕದಿಂದ ಆ ದಾರಿಗೆ ಏನೂ ಪ್ರಯೋಜನವಿಲ್ಲ. ಬ್ರಾಡ್ ಗೇಜ್ ಮೇಲೆ ಪ್ರಯಾಣಿಕ ಗಾಡಿ ಓಡಿದ್ದು 2007ರ ಡಿಸೆಂಬರ್‌ನಲ್ಲಿ. 2003ರಲ್ಲಿ ನೈರುತ್ಯ ರೈಲ್ವೆ ಆದಮೇಲಿನದಾದರೆ ಆ ವಲಯದ ಪುಸ್ತಕವನ್ನೇ ಕೇಳಿ. 2010ರ ಡಿಸೆಂಬರ್‌ಗೆ ಮುಂಚಿನ ನಾಲ್ಕಂಕಿಯ ಎಕ್ಸ್‌ಪ್ರೆಸ್ ನಂಬರಿಗೆ ಮುಂದೆ 1 ಸೇರಿಸಿ ನೋಡಿದರೆ ಹೆಚ್ಚಿನವು ಆಮೇಲಿನ ಐದಂಕಿಯ ನಂಬರಿಗೆ ಹೊಂದುತ್ತವೆ. ದುಡ್ಡು ಕೊಡುವ ಮೊದಲು ನಡುವಿನ ಹಾಳೆಗಳು ಇವೆಯೇ ಎಂದು ತೆರೆದು ನೋಡಿ.